ನಿಂತಲ್ಲೇ ನಡೆಯುವ ಜಡೆಪ್ಪನವರು

ಜಡೆಪ್ಪನವರನ್ನು ಮೊದಲು ಕಂಡಾಗ ನಿಧಿಗಳ್ಳರೆಂದೇ ತಿಳಿದಿದ್ದೆ. ಹಂಪಿಯ ಸುತ್ತ ಬಂಡೆಯ ಸಂದಿಗೆ ಇಣುಕಿದವರನ್ನೆಲ್ಲ ನಮ್ಮ ಜನ ಹಾಗೆಯೇ ನೋಡುತ್ತಾರೆ. ಹಂಪಿ ಬಜಾರಿನ ಕೊನೆಯ ಕಲ್ಲುಮಂಟಪದ ಮುಂದೆ, ಹಣೆತುಂಬ ವಿಭೂತಿ ಬಳಿದುಕೊಂಡು, ಕೈಯಲ್ಲೊಂದು ಹಳದಿ ಯಂತ್ರ ಹಿಡಿದು, ತಮ್ಮ ಸುತ್ತ ತಾವೇ ನಿಧಾನವಾಗಿ ತಿರುಗುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಮಂತ್ರವೇ ಇರಬೇಕೆಂದು ನಾನು ಕಂಬದ ಹಿಂದೆ ಸರಿದೆ. ಅವರು ತಿರುಗುವುದನ್ನು ನಿಲ್ಲಿಸಿ ನೇರ ನನ್ನ ಬಳಿಗೆ ಬಂದರು.

"ಕಂಬದ ಹಿಂದ ಏನ್ ಹುಡುಕ್ತೀರಿ? ನಿಧಿ ಏನ್ರೀ?"

ನನ್ನ ಅನುಮಾನವನ್ನು ನನ್ನ ಮೇಲೆಯೇ ಹೊರಿಸಿದ ಆ ಚುರುಕಿಗೆ ಸೋತು ಅಂದೇ ಗೆಳೆಯನಾದೆ. ಯಂತ್ರ ಜಿಪಿಎಸ್ ಆಗಿತ್ತು. ಉಪಗ್ರಹದ ಸಿಗ್ನಲ್ ಹಿಡಿಯುವ ಆಂಟೆನಾ ಅದರ ನೆತ್ತಿಯಲ್ಲಿದೆಯೆಂದು ತೋರಿಸಿದರು. ಅದರ ದಿಕ್ಸೂಚಿ ಸರಿಹೋಗಬೇಕಾದರೆ ಹಿಡಿದವರು ಹಾಗೆ ಸುತ್ತಬೇಕಂತೆ. ತುಟಿ ಅಲ್ಲಾಡಿದ್ದು ಎಲೆಅಡಿಕೆಯಿಂದ.

ಜಡೆಪ್ಪನವರದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಅವರಿಗೆ ತೂಕದ ಯಂತ್ರದ ಮೇಲೆ ಅನುಮಾನ, ತೂಗುವವನ ಮೇಲೆ ಅನುಮಾನ, ತೂಕ ಸರಿಯಾಗಿ ಬಂದರೆ ಇಬ್ಬರ ಮೇಲೂ ಅನುಮಾನ. ಇಂಥವರಿಗೆ ಮಗಳು ಪೂಜಿತಾ ಜಿಯೋಕ್ಯಾಷಿಂಗ್ ಎಂಬ ಆಟ ಕಲಿಸಿಬಿಟ್ಟಳು. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕಿದ್ದನ್ನು ಒಯ್ಯುವಂತಿಲ್ಲ, ಅಲ್ಲೇ ಇಟ್ಟು ಬರಬೇಕು. ಈ ಕೊನೆಯ ನಿಯಮವನ್ನು ಜನ ಪಾಲಿಸುತ್ತಾರೆಂದು ಜಡೆಪ್ಪನವರು ಒಂದು ದಿನವೂ ನಂಬಿದವರಲ್ಲ. ಆದರೂ 'ಅಧ್ಯಕ್ಷರು, ತುಂಗಭದ್ರಾ ವಲಯ' ಎಂದು ಕಾರ್ಡು ಮಾಡಿಸಿದರು. ವಲಯದ ಏಕೈಕ ಸದಸ್ಯೆ ಅವರ ಹೆಂಡತಿ ಸಂಗಮ್ಮ. ಆ ವಿಷಯ ಸಂಗಮ್ಮನವರಿಗೆ ಇನ್ನೂ ತಿಳಿದಿಲ್ಲ.

ಸ್ಮಾರಕಗಳ ಹತ್ತಿರ ಡಬ್ಬಿ ಇಡಬಾರದೆಂದು ಅಧ್ಯಕ್ಷರು ಗಾದಿಗನೂರಿನ ಆಚೆ ಒಂದು ಕಲ್ಲುಗುಡ್ಡದಲ್ಲಿ ಸ್ಟೀಲ್ ಡಬ್ಬಿ ಇಟ್ಟಿದ್ದರು. ಕಳೆದ ಚಳಿಗಾಲದಲ್ಲಿ ಪುಣೆಯಿಂದ ಬಂದ ಗಂಡಹೆಂಡತಿ ಅದನ್ನು ಹುಡುಕಿ ದಣಿದು, 'ಸಿಗಲಿಲ್ಲ' ಎಂದು ಇಂಟರ್ನೆಟ್ಟಿನಲ್ಲಿ ಬರೆದು ಹೋದರು. ಇಟ್ಟವರೇ ಹೋಗಿ ನೋಡಿ ಡಬ್ಬಿ ಇದೆಯೆಂದು ಖಾತ್ರಿ ಮಾಡದಿದ್ದರೆ ಅದನ್ನು ಆಟದಿಂದಲೇ ತೆಗೆದುಹಾಕುತ್ತೇವೆಂದು ಆಟ ನಡೆಸುವವರು ತಿಳಿಸಿದರು. ಇರುವ ಒಂದೇ ಡಬ್ಬಿ ಹೋದರೆ ಅಧ್ಯಕ್ಷಗಿರಿಯ ಗತಿಯೇನು? ಜಡೆಪ್ಪನವರು ಹೋಗಿ ಹುಡುಕಿದರು. ಅವರಿಗೂ ಸಿಗಲಿಲ್ಲ. ಮರುದಿನ ನನ್ನನ್ನೂ ಕರೆದೊಯ್ದರು.

"ಕಳ್ಳ ಯಾರಂತ ಗೊತ್ತೈತ್ರಿ," ಎಂದರು ದಾರಿಯಲ್ಲೇ. "ಕುರಿ ಮೇಸೋ ಮೂಕಣ್ಣ. ನಾ ಹೋದಾಗೆಲ್ಲ ಬಂಡಿಗಲ್ಲ ಮ್ಯಾಲೆ ಕುಂತು ನೋಡ್ತಾನ. ಇವತ್ತು ಡಬ್ಬಿ ಸಿಗ್ಲಿಲ್ಲಂದ್ರ ನಾಕ್ ಮಂದಿ ಮುಂದ ನಿಲ್ಲಿಸಿ ಕೇಳ್ತೀನಿ."

"ನೀವೇ ಇಟ್ಟಿದ್ದಲ್ರೀ? ಜಾಗ ನೆನಪಿಲ್ಲೇನು?"

"ಅಲ್ಲಿ ಎಲ್ಲಾ ಬಂಡಿನೂ ಒಂದss ತಾಯಿ ಮಕ್ಕಳಿದ್ದಂಗ ಅದಾವ. ನೆನಪಿಟ್ಟುಕೊಳ್ಳಾಕಂತ ಮಿಷಿನ್ ಐತಲ್ಲ!"

ಗುಡ್ಡದ ಮೇಲೆ ಮೂಕಣ್ಣ ನಿಜಕ್ಕೂ ಕೂತಿದ್ದ. ನಮ್ಮನ್ನು ಕಂಡವನೇ ಕೂಗಿದ: "ಸಾವ್ಕಾರ್ರೇ, ನಿಧಿ ಸಿಕ್ರ ನನಗೂ ಒಂದು ಕೊಪ್ಪರಿಗಿ ಇಡ್ರೀ!"

"ನೋಡಿದ್ರೇನು?" ಜಡೆಪ್ಪನವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ತಾನss ತಿಂದು ಪಾಲು ಕೇಳ್ತಾನ."

ಯಂತ್ರದ ಬಾಣ ನಮ್ಮನ್ನು ಒಂದು ಜಾಲಿಪೊದೆಗೆ ಒಯ್ದಿತು. ಅಲ್ಲಿಂದ ಹಿಂದಕ್ಕೆ, ಮತ್ತೆ ಪೊದೆಗೆ. ಅಧ್ಯಕ್ಷರು ಕದಲದೆ ನಿಂತರು. ಆಗಲೂ ಯಂತ್ರದ ತೆರೆಯ ಮೇಲೆ ಅವರು ಬಿರಬಿರನೆ ನಡೆಯುತ್ತಲೇ ಇದ್ದರು. ಬ್ಯಾಟರಿ ಶೆಲ್ ಬದಲಿಸಿದೆವು, ನಕಲಿ ಶೆಲ್ ಕೊಟ್ಟನೆಂದು ಹೊಸಪೇಟೆಯ ಅಂಗಡಿಯವನಿಗೆ ಬೈಗುಳ ಬಿತ್ತು. ದೊಡ್ಡ ಬಂಡೆಗಳು ಸಿಗ್ನಲ್ಲನ್ನು ಚದುರಿಸುತ್ತವೆಂದು ಬಯಲಿಗೆ ಬಂದು ನಿಂತೆವು, ಹೆಚ್ಚು ಪ್ರಯೋಜನವಾಗಲಿಲ್ಲ. ಸಂಡೂರಿನ ಅದಿರು ಲಾರಿಗಳ ಧೂಳು ಯಂತ್ರದೊಳಗೆ ಸೇರಿದೆಯೆಂದರು ಅಧ್ಯಕ್ಷರು. ಉಪಗ್ರಹ ಬಿಟ್ಟ ಅಮೆರಿಕದವರು ಬೇಕೆಂದೇ ನಮ್ಮ ಜಿಲ್ಲೆಗೆ ತಪ್ಪು ತೋರಿಸುತ್ತಿದ್ದಾರೆಂದರು. ನಾನು ನನ್ನ ಫೋನು ತೆಗೆದು ಪಕ್ಕದಲ್ಲಿ ಹಿಡಿದೆ. ತೋರಿಸುವ ಜಾಗ ನಾಲ್ಕು ಮೀಟರು ಹೆಚ್ಚುಕಡಿಮೆಯಾದೀತು ಎಂದಿತು ಫೋನು. ಯಂತ್ರ ಅರವತ್ತು ಎಂದಿತು.

ಜಡೆಪ್ಪನವರು ಫೋನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಿಮ್ ಫೋನು ಸುಳ್ಳು ಹೇಳ್ತೈತಿ."

"ಯಾವಾಗಿಂದ ಹಿಂಗ ಮಾಡ್ತೈತ್ರಿ ನಿಮ್ಮದು?"

"ದಸರಾದ ಮ್ಯಾಲಿಂದ."

"ದಸರಾದಾಗ ಕೆಳಗ ಬಿತ್ತೇನು?"

"ಬೀಳೋದು! ಆಯುಧಪೂಜಿ ಮಾಡೀನಿ ಇದಕ್ಕ. ಗಿರಣಿ ಮೋಟರಿಗೆ ಒಂದು, ಲಾರಿಗೆ ಒಂದು, ಇದಕ್ಕೊಂದು ಯಂತ್ರ ಅಂಟಿಸೀನಿ. ಮೂಕಣ್ಣನ ಕಣ್ಣು ಭಾಳ ಕೆಟ್ಟದ್ರಿ." ಹೆಮ್ಮೆಯಿಂದ ರಬ್ಬರಿನ ಕವರನ್ನು ಸರಕ್ಕನೆ ಎಳೆದು ತೋರಿಸಿದರು. ಯಂತ್ರದ ನೆತ್ತಿಯ ಮೇಲೆ, ಟೋಪಿಯಿಟ್ಟಂತೆ, ತಾಮ್ರದ ತಗಡಿನ ಇನ್ನೊಂದು ಯಂತ್ರ ಕೂತಿತ್ತು. ಹೂವಿನ ಒಣ ಎಸಳೊಂದು ಅದಕ್ಕೆ ಅಂಟಿಕೊಂಡಿತ್ತು.

"ಇದರ ಆಂಟೆನಾ ನೆತ್ತ್ಯಾಗ ಐತಿ ಅಂತ ಹಂಪ್ಯಾಗ ನೀವss ಹೇಳಿದ್ರಲ್ಲ," ಎಂದೆ ಮೆಲ್ಲಗೆ.

ಅವರು ಮೂಕಣ್ಣನಿಗೆ ಬೆನ್ನು ಮಾಡಿ ನಿಂತು, ಉಗುರಿನಿಂದ ತಗಡನ್ನು ಎಬ್ಬಿಸಿ, ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿಗಿಳಿಸಿದರು. ಸ್ವಲ್ಪ ಹೊತ್ತಿಗೆ ಅರವತ್ತು ಇಳಿದು ಇಪ್ಪತ್ತಾಯಿತು, ಕೊನೆಗೆ ಐದಾಯಿತು. ತೆರೆಯ ಮೇಲಿನ ಜಡೆಪ್ಪನವರು ನಡೆಯುವುದನ್ನು ನಿಲ್ಲಿಸಿದರು. ನಿಜವಾದವರು ನಡೆಯತೊಡಗಿದರು.

ಬಾಣ ನೇರ ಮೂಕಣ್ಣನತ್ತ ಹೋಯಿತು. ಅವನು ಕೂತಿದ್ದ ಬಂಡೆಯ ಬುಡದಲ್ಲಿ, ಅವನ ಇಳಿಬಿಟ್ಟ ಕಾಲುಗಳ ಹಿಂದಿನ ಸಂದಿಯಲ್ಲಿ, ಸ್ಟೀಲ್ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಪುಟ್ಟ ಪ್ಲಾಸ್ಟಿಕ್ ಆನೆ, ಹೊರದೇಶದ ಒಂದು ನಾಣ್ಯ, ಎರಡು ಮಣಿ. ಎಲ್ಲ ಇಟ್ಟ ಹಾಗೇ ಇದ್ದವು.

ಮೂಕಣ್ಣ ಬಗ್ಗಿ ನೋಡಿದ. "ಅಯ್ಯ, ಇದನ್ನೇನ್ರೀ ಹುಡುಕ್ತಿದ್ರಿ? ಇದು ಅವಾಗಿಂದ ಇಲ್ಲೇ ಐತಲ್ಲ! ಕೇಳಿದ್ರ ಹೇಳ್ತಿದ್ನಲ್ಲ."

ಜಡೆಪ್ಪನವರು ಡಬ್ಬಿಯ ಫೋಟೊ ತೆಗೆದು ಆಟದವರಿಗೆ ಕಳಿಸಿದರು. ಡಬ್ಬಿ ಉಳಿಯಿತು, ಅಧ್ಯಕ್ಷಗಿರಿಯೂ ಉಳಿಯಿತು. ಗುಡ್ಡ ಇಳಿಯುವಾಗ ಅವರ ಹುಬ್ಬಿನ ಗಂಟು ಮಾತ್ರ ಸಡಿಲವಾಗಿರಲಿಲ್ಲ. ಆದರೂ ಬಾಯಿ ಸುಮ್ಮನಿರದೆ ಕೇಳಿದೆ:

"ಇನ್ನ ಮ್ಯಾಲಾದ್ರೂ ಮೂಕಣ್ಣನ ಮ್ಯಾಲೆ ಅನುಮಾನ ಇಲ್ಲಲ್ರೀ?"

"ಇಷ್ಟು ದಿನ ಕಾಲ ಬುಡಕss ಇತ್ತು," ಎಂದರು ಜಡೆಪ್ಪನವರು. "ಯಾಕ ಕದೀಲಿಲ್ಲ ಅಂವ?"