ಪಕ್ಕದ ಮನೆಯವರ ಸ್ತ್ರೀವೇಷ

ಕತಾರಿನ ಅಲ್ ವುಕೈರ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಹಿರಿಯರು ಉಡುಪಿ ಕಡೆಯವರು. ಲಿಫ್ಟಿನಲ್ಲಿ ಹೆಂಗಸರಿದ್ದರೆ ಬಾಗಿಲನ್ನೇ ನೋಡುತ್ತ ನಿಲ್ಲುವಷ್ಟು ಸಂಕೋಚದ ಮನುಷ್ಯ. ಎಲ್ಲಿಗೆ ಕರೆದರೂ "ನಮಗೆ ಅದೆಲ್ಲ ಯಾಕೆ ಮಾರಾಯ್ರೆ?" ಎನ್ನುತ್ತಿದ್ದರು. ಹೆಂಡತಿ ಸುಮ್ಮನೆ ತಲೆಯಾಡಿಸುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಮರುಭೂಮಿಯಲ್ಲೊಂದು ಕಲಾಮೇಳ ನಡೆಯಿತು. ಬಂದವರು ಬರೀ ನೋಡುವಂತಿಲ್ಲ, ತಾವೂ ಏನಾದರೂ ಮಾಡಬೇಕು ಎಂಬುದೇ ಅಲ್ಲಿಯ ನಿಯಮ. ಮುಖಕ್ಕೆ ಬಣ್ಣ ಬಳಿದವರು, ರಟ್ಟಿನ ರೆಕ್ಕೆ ಕಟ್ಟಿಕೊಂಡವರು ಓಡಾಡುತ್ತಿದ್ದರು. ಒಂದು ಡೇರೆಯ ಮುಂದೆ ಹಸಿರು ಸೀರೆಯ ಹೆಂಗಸೊಬ್ಬಳು ಗೆಜ್ಜೆ ಕಟ್ಟಿ ಕುಣಿಯುತ್ತಿದ್ದಳು. ಅವಳು ಕತ್ತು ಕೊಂಕಿಸಿದರೆ ನೋಡುವವರು ಉಸಿರು ಬಿಗಿಹಿಡಿಯುತ್ತಿದ್ದರು. ಇತ್ತ ತಿರುಗಿದಾಗ ಮುಖ ಕಂಡಿತು. ನಮ್ಮ ಪಕ್ಕದ ಮನೆಯವರು!

ಅವರ ಹೆಂಡತಿ ಮರಳಲ್ಲಿ ಕುಳಿತು ತಾಳ ಹಾಕಿ ಹಾಡುತ್ತಿದ್ದರು. ಪದ ಮುಗಿದೊಡನೆ ಓಡಿದೆ. "ಆಂಟಿ, ಇದೇನಿದು?"

"ಮದುವೆಗೆ ಮೊದಲು ಇವರು ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡ್ತಿದ್ರು. ಜನ ನನ್ನನ್ನು ನೋಡಿ ನಗಾಡ್ತಾರೆ, ವೇಷ ಬಿಟ್ರೆ ಮಾತ್ರ ಮದುವೆ ಅಂತ ನಾನೇ ಹೇಳಿದ್ದು. ಬಿಟ್ರು. ಮತ್ತೆ ಒಂದು ದಿನವೂ ಆ ಮಾತು ಎತ್ತಲಿಲ್ಲ."

"ಈಗ?"

"ಸೀರೆ ನಂದೇ. ಉಡಿಸಿದ್ದೂ ನಾನೇ."

"ನಮ್ಮೂರಿನವರು ಯಾರಾದರೂ ನೋಡಿದರೆ?"

"ನೋಡ್ಲಿ ಮಾರಾಯ್ರೆ."

ಅವರು ಏದುಸಿರು ಬಿಡುತ್ತ ಬಂದು ಹೆಂಡತಿಯ ಪಕ್ಕ ಕುಳಿತರು. ಕಾಡಿಗೆ ಕೆನ್ನೆಗಿಳಿದಿತ್ತು. "ನಿನಗೆ ಈ ಪದಗಳೆಲ್ಲ ಹೇಗೆ ಗೊತ್ತು?" ಎಂದು ಕೇಳಿದರು. ಆ ಪ್ರಶ್ನೆಯನ್ನು ಅವರು ಮೊದಲ ಸಲ ಕೇಳುತ್ತಿದ್ದರು ಎಂಬುದು ದನಿಯಲ್ಲೇ ತಿಳಿಯುತ್ತಿತ್ತು.

"ಆಗ ನಿಮ್ಮ ಯಕ್ಷಗಾನದ ಆಟ ನೋಡ್ಲಿಕ್ಕೆ ನಾನು ಕದ್ದು ಬರ್ತಿದ್ದೆ," ಎಂದರು ಹೆಂಡತಿ.