ಹುಲಿ-ಕುರಿ ಆಟಕ್ಕೊಂದು ನಾಯಿ

ಚಾಚಾರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಲ್ಲಿಗೆ ಪಾಲಿಶ್ ಮಾಡಿದ ಕೈ ಅದು. ಬೆರಳ ತುದಿ ಸವೆದು ಚಪ್ಪಟೆಯಾಗಿ ನುಣ್ಣಗೆ ಹೊಳೆಯುತ್ತಿತ್ತು. ಆ ಬೆರಳಿನಿಂದ ಕುರಿಯೊಂದನ್ನು ಮುಂದಿನ ಮನೆಗೆ ಸರಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದರು.

ನಾನು ಅವರ ಮಾಳಿಗೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಸಂಜೆ ಬಸ್ಸಿಳಿದು ಬಂದರೆ, ಹುಲಿ-ಕುರಿ ಆಟದ ಗೆರೆ ಕೊರೆದ ಕೆಂಪು ಕಲ್ಲನ್ನು ಕಟ್ಟೆಯ ಮೇಲಿಟ್ಟುಕೊಂಡು ಅವರು ಕಾಯುತ್ತಿದ್ದರು. ಒಬ್ಬರಿಗೆ ಮೂರು ಹುಲಿ, ಇನ್ನೊಬ್ಬರಿಗೆ ಹದಿನೈದು ಕುರಿ. ಕುರಿಗಳನ್ನು ಒಂದೊಂದಾಗಿ ಕಲ್ಲಿನ ಮೇಲಿಟ್ಟು, ಎಲ್ಲ ಇಟ್ಟಾದ ಮೇಲೆ ನಡೆಸಬೇಕು. ಕುರಿಯ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಅದನ್ನು ಹಾರಿ ತಿನ್ನುತ್ತದೆ. ಹುಲಿಗಳು ಅಲುಗಾಡದಂತೆ ಕಟ್ಟಿಹಾಕಿದರೆ ಕುರಿ ಗೆದ್ದಂತೆ. ಅವರ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು: ತಿನ್ನಲು ಸಿಕ್ಕ ಕುರಿಯನ್ನು ಹುಲಿ ಬಿಡುವಂತಿಲ್ಲ. "ಕನಿಕರ ಮಾಡಿ ಬಿಟ್ಟರ ಎದುರಿಗಿದ್ದಾವ್ಗ ಅವಮಾನ ಮಾಡಿದಂಗ, ಬೇಟಿ," ಎನ್ನುತ್ತಿದ್ದರು.

ಕುರಿ ಹಿಡಿದಾಗೆಲ್ಲ ನಾನು ಸೋಲುತ್ತಿದ್ದೆ. ಗೆದ್ದೂ ಗೆದ್ದೂ ಅವರಿಗೇ ಬೇಸರ ಬಂದು, ಒಂದು ದಿನ ಕರಿಕಲ್ಲಿನ ಚೂರೊಂದನ್ನು ಉಜ್ಜಿ ತಂದು ನನ್ನ ಮುಂದಿಟ್ಟರು.

"ಇದು ನಾಯಿ. ಕುರಿ ಹಂಗ ಒಂದೊಂದ ಮನಿ ನಡೀತೈತಿ. ಇದನ್ನ ಹುಲಿ ಹಾರಂಗಿಲ್ಲ. ಇದರ ಮಗ್ಗಲ ಮನ್ಯಾಗಿನ ಕುರಿನೂ ಮುಟ್ಟಂಗಿಲ್ಲ."

ಇನ್ನೇನು ಗೆದ್ದೆ ಅಂದುಕೊಂಡೆ. ಆದರೆ ಅವರ ಹುಲಿಗಳು ಕುರಿಯ ಬೆನ್ನು ಹತ್ತುವುದನ್ನೇ ಬಿಟ್ಟವು. ಎಡಗಡೆ ಒಂದು ಹುಲಿ ಬಂದು ಸುಮ್ಮನೆ ಹೆದರಿಸುವುದು, ನಾನು ನಾಯಿಯನ್ನು ಅತ್ತ ಓಡಿಸುವುದು, ಬಲಗಡೆ ಇನ್ನೊಂದು ಹುಲಿ ಊಟಕ್ಕೆ ಕೂರುವುದು.

"ನಾಯಿ ಬಂದ ಮ್ಯಾಲ ಕುರಿ ಹುಲಿನ್ನ ನೋಡೂದ ಬಿಟ್ಟು ನಾಯಿನ್ನ ನೋಡ್ತಾವ. ಅಲ್ಲೇ ಸಾಯ್ತಾವ," ಎಂದು ನಕ್ಕರು.

ಆಮೇಲೆ ಕುರಿಗಳನ್ನು ತಾವು ತೆಗೆದುಕೊಂಡು ದಾರಿ ತೋರಿಸಿದರು. ಹಳೆಯ ಆಟದಲ್ಲಿ ಕುರಿಗಳನ್ನು ಹುಲಿ ಹಾರಲಾಗದ ಅಂಚಿನಲ್ಲಿ ಮೊದಲು ಕೂರಿಸಿ, ಅಲ್ಲಿಂದ ನಡುವಿಗೆ ಬರಬೇಕು. ನಾಯಿಯಿದ್ದರೆ ಅದನ್ನು ನಟ್ಟನಡುವೆ ಇಟ್ಟು, ಸುತ್ತ ಕುರಿಗಳನ್ನು ಕಟ್ಟುತ್ತ ಅಂಚಿಗೆ ಹೋಗಬೇಕು. ಒಂದೇ ಒಂದು ಕಲ್ಲು ಇಡೀ ಆಟವನ್ನು ಬುಡಮೇಲು ಮಾಡಿತ್ತು. ಆರು ವರ್ಷ ನಾವು ಬೇರೆ ಆಟ ಆಡಲಿಲ್ಲ.

ಆಮೇಲೆ ಅವರು ಮರೆಯತೊಡಗಿದರು. ಮೊದಲು ಚಪ್ಪಲಿ ಬಿಟ್ಟ ಜಾಗ, ಆಮೇಲೆ ಮಸೀದಿಯ ದಾರಿ, ಆಮೇಲೆ ಮಗಳ ಹೆಸರು. ಇದು ವಾಸಿಯಾಗುವ ಬೇನೆಯಲ್ಲ, ಆಡುವ ಆಟವನ್ನು ಮಾತ್ರ ಬಿಡಿಸಬೇಡಿ ಎಂದು ಬಾಗಲಕೋಟೆಯ ಡಾಕ್ಟರು ಹೇಳಿ ಕಳಿಸಿದರು. ಕಲ್ಲಿನ ಮುಂದೆ ಕೂತರೆ ಅವರು ಹಿಂದಿನ ಚಾಚಾರೇ ಆಗಿರುತ್ತಿದ್ದರು. ಚಾಚಿ ನನ್ನ ಕೈ ಹಿಡಿದುಕೊಂಡರು.

"ಅವ್ರು ಈಗ ಆ ಕಲ್ಲಿನ ಮ್ಯಾಲ ಅಷ್ಟ ಬದುಕ್ಯಾರ. ಆಟ ಬಿಟ್ಟ ದಿನ ನಮ್ಮನ್ನ ಬಿಟ್ಟಂಗ. ದಿನಾ ಬಾ, ಬೇಟಿ."

ದಿನವೂ ಹೋದೆ. ಒಂದು ಸಂಜೆ ಅವರು ನಾಯಿಯನ್ನು ಕೈಯಲ್ಲಿ ಹಿಡಿದು ಎಲ್ಲಿಡುವುದೆಂದು ತಡವರಿಸಿದ್ದು ಕಂಡು ನನ್ನ ಮಾಸ್ತರಿಕೆ ಎದ್ದು ನಿಂತಿತು. ಮಕ್ಕಳಿಗೆ ಲೆಕ್ಕ ಕಷ್ಟವಾದರೆ ಅದರಲ್ಲಿ ಏನನ್ನಾದರೂ ತೆಗೆದು ಸುಲಭ ಮಾಡಿಕೊಡುವುದು ನನ್ನ ಚಟ. ಮರುದಿನ ಅವರು ಹೊರಗೆ ಬರುವ ಮೊದಲೇ ನಾಯಿಯನ್ನು ಚೀಲಕ್ಕೆ ಹಾಕಿಕೊಂಡೆ. ಅವರು ಎಳವೆಯಲ್ಲಿ ಕಲಿತ ಹಳೆಯ ಆಟ ಎಲ್ಲಿಗೆ ಹೋದೀತು ಎಂದು ನಂಬಿದ್ದೆ.

"ನಾಯಿ ಎಲ್ಲೈತಿ?"

"ಇವತ್ತ ಹಳೇ ಆಟ ಆಡೂಣ್ರಿ, ಚಾಚಾ."

ಅವರು ತಲೆಯಾಡಿಸಿ ಮೊದಲ ಕುರಿಯನ್ನು ನಟ್ಟನಡುವೆ ಇಟ್ಟರು. ಅದು ನಾಯಿಯನ್ನಿಡುವ ಜಾಗ. ಅವರಲ್ಲಿ ಉಳಿದದ್ದು ನಾಯಿಯಿರುವ ಆಟ ಮಾತ್ರ. ಹುಲಿ ನನ್ನವು, ಅವರದೇ ಕಟ್ಟಳೆಯಂತೆ ಬಿಡುವಂತಿರಲಿಲ್ಲ, ತಿಂದೆ. ಎರಡನೆಯದನ್ನೂ ಅಲ್ಲೇ ಇಟ್ಟರು. ಅದನ್ನೂ ತಿಂದೆ. ಆಗಲೇ ಚೀಲಕ್ಕೆ ಕೈಹಾಕಬೇಕಿತ್ತು. ಇದೊಂದು ಆಟ ಮುಗಿಯಲಿ, ನೆನಪಾದೀತು ಎಂದುಕೊಂಡೆ. ಹಾಳು ಬುದ್ಧಿ. ಏಳನೆಯದು ಹೋದಾಗ ಅವರು ಉಳಿದ ಕುರಿಗಳನ್ನೆಲ್ಲ ನನ್ನ ಕಡೆ ಸರಿಸಿದರು.

"ನನಗ ಆಟ ಬರಂಗಿಲ್ಲರಿ. ಬರಾವರ ಕೂಡ ಆಡ್ರಿ," ಎಂದರು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೆ ಹೇಳಿದಂತೆ.

ನಾಯಿಯನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಮರುದಿನ ಕರೆದೆ, ಅದರ ಮರುದಿನವೂ ಕರೆದೆ. ಗೋಡೆಗೆ ಮುಖ ಮಾಡಿ ಮಲಗಿದವರು ಏಳಲಿಲ್ಲ. ತಿಂಗಳೊಳಗೆ ಚಾಚಿಯನ್ನೂ ಗುರುತಿಸದಾದರು, ರಂಜಾನಿಗೆ ಮೊದಲೇ ತೀರಿಕೊಂಡರು. ಬೇನೆಯೇ ಹಾಗೆ ಎಂದು ಎಲ್ಲರೂ ಅಂದರು. ನನಗೆ ಮಾತ್ರ ಹಾಗನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ.

ತೀರಿಕೊಂಡ ಮೂರನೆಯ ದಿನ ಮನೆ ತುಂಬ ಜನ. ಚಾಚಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದವರಿಗೆಲ್ಲ ಹೇಳಿದರು: "ಕಡೀತನಕ ಅವ್ರನ್ನ ಹಿಡಕೊಂಡಾಕಿ ಈಕಿ. ಹೊಟ್ಟ್ಯಾಗ ಹುಟ್ಟಿದ ಮಗಳೂ ಇಷ್ಟು ಮಾಡಂಗಿಲ್ಲ."

ನಾನು ತಲೆ ತಗ್ಗಿಸಿ ಚಹಾ ಕುಡಿದೆ. ಈದಿಗೆ ಆಕೆ ಈಗಲೂ ಕರೆಯುತ್ತಾರೆ, ಸಾಕೆಂದರೂ ಬಿಡದೆ ಬಡಿಸುತ್ತಾರೆ. ಉಂಡು ಬರುತ್ತೇನೆ. ಆ ಸಂಜೆ ನಾನು ಮಾಡಿದ್ದನ್ನು ಆಕೆಗೆ ಇನ್ನೂ ಹೇಳಿಲ್ಲ.