ಅರಿಶಿಣ ಹಚ್ಚಿದ ರೆಕ್ಕೆ

ಆಟಿಕೆ ಹೆಲಿಕಾಪ್ಟರಿನ ಹಳೆಯ ರಿಮೋಟನ್ನು ಬಿಸಾಡಲೆಂದು ಕಪಾಟಿನಿಂದ ತೆಗೆದಾಗ ಅದರ ಎಡಗಡೆಯ ಕಡ್ಡಿಯ ಬುಡದಲ್ಲಿ ಬೆಳ್ಳಗೆ ಏನೋ ಕಂಡಿತು. ಸುಣ್ಣ. ತಂಬಾಕಿನೊಂದಿಗೆ ಅಂಗೈಯಲ್ಲಿ ತಿಕ್ಕುವ ಸುಣ್ಣ, ಒಣಗಿ ಕಲ್ಲಾಗಿತ್ತು. ಇಷ್ಟು ವರ್ಷಗಳ ಮೇಲೆ ಅದಕ್ಕೆ ವಾಸನೆ ಉಳಿದಿರಲಾರದು. ಆದರೂ ನನಗೆ ಬಂತು. ರಿಮೋಟನ್ನು ನೆಲದ ಮೇಲಿಟ್ಟೆ.

ಆ ಸುಣ್ಣ ಪಕ್ಕದ ಮನೆಯ ಕಾಕಾನದು.

ಗೋಕುಲ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಅವರ ಮನೆ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಹತ್ತಿ ವ್ಯಾಪಾರ ಅವರದು, ಅಪ್ಪನ ಗೆಳೆಯರು. ನಮ್ಮ ಮನೆಗೆ ಬರುವಾಗ ಬಾಗಿಲು ಬಡಿದದ್ದು ನೆನಪಿಲ್ಲ. ಅಂಗೈಯಲ್ಲಿ ತಂಬಾಕು ತಿಕ್ಕುತ್ತಲೇ ಒಳಗೆ ಬರುತ್ತಿದ್ದರು, ಮಾತಿನ ನಡುವೆ ಎದ್ದುಹೋಗಿ ನಮ್ಮ ತುಳಸಿಯ ಪಕ್ಕದಲ್ಲೇ ಉಗುಳುತ್ತಿದ್ದರು. ಅವ್ವ ನೀರು ಹಾಕಿ ತೊಳೆಯುತ್ತಿದ್ದಳು.

ನಾನು ಆಗ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ರಿಮೋಟಿನಿಂದ ಹಾರಿಸುವ ಹೆಲಿಕಾಪ್ಟರ್ ಕೊಳ್ಳಬೇಕೆಂದು ಟ್ಯೂಷನ್ ಹೇಳಿ ದುಡ್ಡು ಕೂಡಿಟ್ಟಿದ್ದೆ. ದಿನಾ ಬಸ್ಸಿನಲ್ಲಿ ಅದರ ಬಗ್ಗೆಯೇ ಓದುತ್ತಿದ್ದೆ. ಹೊಸದಾಗಿ ಕಲಿಯುವವರಿಗೆ ಯಾವುದು ಸರಿ ಎಂಬುದು ನನಗೆ ಸ್ಪಷ್ಟವಾಗಿತ್ತು: ಅಂಗೈಯಷ್ಟು ಸಣ್ಣದು, ಒಂದರ ಮೇಲೊಂದು ಎರಡು ಜೊತೆ ರೆಕ್ಕೆ ತಿರುಗುವಂಥದ್ದು. ಅದು ತನ್ನಷ್ಟಕ್ಕೆ ಸ್ಥಿರವಾಗಿ ನಿಲ್ಲುತ್ತದೆ; ಬಿದ್ದರೂ ಹಗುರವಾಗಿ ಬೀಳುತ್ತದೆ. ದೊಡ್ಡದು ಹಾಗಲ್ಲ, ಕೈ ಒಂದಿಷ್ಟು ತಪ್ಪಿದರೂ ತನ್ನನ್ನು ತಾನೇ ಒಡೆದುಕೊಳ್ಳುತ್ತದೆ. ನನ್ನ ಕೋರ್ಸು, ನನ್ನ ಬಟ್ಟೆ, ನನ್ನ ಗೆಳತಿಯರು, ಎಲ್ಲದರಲ್ಲೂ ಮನೆಯವರ ಮಾತಿತ್ತು. ಇದೊಂದನ್ನು ಯಾರನ್ನೂ ಕೇಳದೆ ನಾನೇ ಆರಿಸಬೇಕೆಂದಿದ್ದೆ.

ಅಪ್ಪ ಕಾಕಾನ ಕಿವಿಗೆ ಹಾಕಿಬಿಟ್ಟಿದ್ದರು.

“ಏನವಾ, ಹೆಲಿಕಾಪ್ಟರ್ ತಗೊಳ್ಳಾಕತ್ತೀಯಂತಲ್ಲ? ನಾನೂ ಬರ್ತೇನಿ ತಡಿ. ಹೆಣ್ಣುಡುಗಿ ಒಬ್ಬಾಕಿನ ಹೋದ್ರ ಅಂಗಡ್ಯಾವ್ರು ಟೊಪ್ಪಿಗಿ ಹಾಕಿ ಕಳಸ್ತಾರ.”

ಅಂಗಡಿಯಲ್ಲಿ ನಾನು ತೋರಿಸಿದ ಸಣ್ಣದನ್ನು ಅಂಗೈಯಲ್ಲಿಟ್ಟು ತೂಗಿದರು, ಹತ್ತಿಯ ಮಾದರಿ ನೋಡುವ ಹಾಗೆ. ಅವರ ಲೆಕ್ಕದಲ್ಲಿ ಭಾರವಿದ್ದದ್ದೇ ಒಳ್ಳೆಯ ಮಾಲು.

“ಇದೇನು ನೊಣಾ ಇದ್ದಂಗ ಐತಿ. ಆ ದೊಡ್ಡದು ತಗೀರಿ.”

“ಸಾವ್ಕಾರ್ರ, ಅದು ಹೊಸಬ್ರಿಗೆ ಆಗಂಗಿಲ್ರಿ,” ಎಂದ ಅಂಗಡಿಯವನು.

“ಕಾಕಾ, ನನಗ ಸಣ್ಣದ ಸಾಕ್ರಿ,” ಎಂದೆ ನಾನು.

“ನೀ ಸುಮ್ಮನಿರವಾ. ಕಲಿಯೂದಾದ್ರ ದೊಡ್ಡದರ ಮ್ಯಾಲ ಕಲೀಬೇಕು.” ಕಡಿಮೆ ಬಿದ್ದ ದುಡ್ಡನ್ನು ತಾವೇ ಹಾಕಿದರು. ನನ್ನ ಬೆನ್ನು ತಟ್ಟಿದರು. ಕುಪ್ಪಸದ ಮೇಲೆ ಆ ಕೈಯ ವಾಸನೆ ಮನೆಯವರೆಗೂ ಬಂತು…

ಮನೆಗೆ ತಂದ ಮೇಲೆ ಹಾರಿಸಲು ಬಿಡಲಿಲ್ಲ. ಹೊಸ ಗಾಡಿ ಬಂದರೆ ಪೂಜೆಯಾಗದೆ ಚಾಲೂ ಮಾಡುವವರಲ್ಲ ಅವರು. ಟ್ರ್ಯಾಕ್ಟರಿಗೂ ಅದೇ, ತೂಕದ ಯಂತ್ರಕ್ಕೂ ಅದೇ, ಇದಕ್ಕೂ ಅದೇ. ಅವರ ಗೋದಾಮಿನ ಅಂಗಳಕ್ಕೆ ಓಣಿಯವರೆಲ್ಲ ಬಂದರು. ಹೆಲಿಕಾಪ್ಟರಿನ ಮೂತಿಗೆ ವಿಭೂತಿ ಎಳೆದರು. ಬಾಲಕ್ಕೆ ಚೆಂಡು ಹೂವಿನ ಸರ ಕಟ್ಟಿದರು. ಕೆಳಗೆ ನಿಂಬೆಹಣ್ಣು ಇಟ್ಟರು. ತೆಂಗಿನಕಾಯಿ ಒಡೆದು ನೀರು ಚಿಮುಕಿಸಿದರು. ಕೊನೆಗೆ ಒಂದು ರೆಕ್ಕೆಗೆ ದಪ್ಪಗೆ ಕಲಸಿದ ಅರಿಶಿಣ ಬಳಿದು, ಅದರ ಮೇಲೆ ಕುಂಕುಮ ಒತ್ತಿದರು.

“ಕಾಕಾ, ಎರಡೂ ರೆಕ್ಕಿ ಸಮ ತೂಕ ಇರಬೇಕ್ರಿ. ಒರಸ್ತೇನಿ.”

“ದೇವರ ಅರಿಶಿಣಕ್ಕ ಎಲ್ಲಿ ತೂಕವಾ?” ಸುತ್ತ ನಿಂತವರು ನಕ್ಕರು. ನಾನು ಬಟ್ಟೆ ಹಿಡಿದು ಮುಂದೆ ಹೋದರೆ ಅವರ ಹೆಂಡತಿ ಕಾಕು ನನ್ನ ಕೈ ಹಿಡಿದು, “ಅಪಶಕುನ ಆಕ್ಕೈತಿ, ಬಿಡವಾ,” ಎಂದರು.

ರಿಮೋಟನ್ನಾದರೂ ನನ್ನ ಕೈಗೆ ಕೊಡುತ್ತಾರೆಂದುಕೊಂಡಿದ್ದೆ. “ಮೊದಲ ಸಲ ಹಿರ್ಯಾರ ಕೈಲೆ ಆಗ್ಲಿ,” ಎಂದು ತಾವೇ ತೆಗೆದುಕೊಂಡರು. ತಂಬಾಕು ಆಗಷ್ಟೇ ಬಾಯಿಗೆ ಹೋಗಿತ್ತು, ಹೆಬ್ಬೆರಳಿನಲ್ಲಿ ಸುಣ್ಣ ಹಸಿಯಾಗಿತ್ತು. ಆ ಬೆರಳಿನಿಂದ, ಯಂತ್ರವನ್ನು ಮೇಲೆತ್ತುವ ಎಡಗಡೆಯ ಕಡ್ಡಿಯನ್ನು ಒಮ್ಮೆಲೇ ಮೇಲಕ್ಕೆ ತಳ್ಳಿದರು.

ಯಂತ್ರ ಮೈಯೆಲ್ಲ ನಡುಗಿತು. ಅರಿಶಿಣ ಚಕ್ಕೆಚಕ್ಕೆಯಾಗಿ ನಮ್ಮ ಮುಖಕ್ಕೆ ಬಡಿಯಿತು. ಒಂದು ಗೇಣು ಎದ್ದಿತೋ ಇಲ್ಲವೋ, ಹೂವಿನ ಸರ ಬಾಲದ ಸಣ್ಣ ರೆಕ್ಕೆಗೆ ಸುತ್ತಿಕೊಂಡಿತು. ಹೆಲಿಕಾಪ್ಟರ್ ಗಿರ್ರನೆ ತಿರುಗಿ ಮಗ್ಗುಲಾಯಿತು. ರೆಕ್ಕೆಗಳು ಕಲ್ಲಿಗೆ ಬಡಿದು ಮುರಿದವು. ನಾನು ರಿಮೋಟನ್ನು ಒಂದು ಸಲವೂ ಮುಟ್ಟಿರಲಿಲ್ಲ.

ಕಾಕಾ ನಕ್ಕರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ದೃಷ್ಟಿ ಹೋತು ನೋಡವಾ, ಛಲೋನ ಆತು!” ಎಂದು ಪಕ್ಕಕ್ಕೆ ತಿರುಗಿ ಉಗುಳಿದರು. ನೆಲದ ಮೇಲೆ ತೆಂಗಿನ ನೀರು, ಅರಿಶಿಣ, ಉಗುಳು, ಮುರಿದ ರೆಕ್ಕೆ… ಆ ಹೊತ್ತಿನ ಹೇಸಿಗೆ ಇಂದಿಗೂ ಹೋಗಿಲ್ಲ.

ಅವತ್ತಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಬಂದವರೆದುರು ಚಹಾ ತಂದರೆ, “ನಮ್ಮ ಪೈಲಟ್ ಬಂದ್ಳು, ಕಪ್ ಹುಷಾರ್ರಿ!” ಎನ್ನುತ್ತಿದ್ದರು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆಯೂ ಆ ಕತೆ ಹೇಳಿದರು. ಕತೆಯಲ್ಲಿ ಹೆಲಿಕಾಪ್ಟರ್ ಬೀಳಿಸಿದವಳು ನಾನಾಗಿದ್ದೆ. ಹಾರಿಸಿದ್ದು ಅವರೇ ಎಂಬುದನ್ನು ಕಂಡವರು ಓಣಿಯ ತುಂಬ ಇದ್ದರು. ಯಾರೂ ಬಾಯಿ ಬಿಡಲಿಲ್ಲ. ನಾನು ತಿದ್ದಿದಾಗ, “ಅಕಿಗಿ ಸಿಟ್ಟು ನೋಡ್ರಿ!” ಎಂದು ಮತ್ತೂ ನಕ್ಕರು.

ಹೋದ ವರ್ಷ ಕಾಕಾ ಬಾಯಲ್ಲಿ ಹುಣ್ಣಾಗಿ ಹಾಸಿಗೆ ಹಿಡಿದರು. ಅವ್ವನ ಒತ್ತಾಯಕ್ಕೆ ಒಮ್ಮೆ ನೋಡಲು ಹೋಗಿದ್ದೆ. ಕೋಣೆಯ ವಾಸನೆಗೆ ಉಸಿರು ಹಿಡಿದು ಬಾಗಿಲಲ್ಲೇ ನಿಂತೆ. ಅವರಿಗೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ತಡವರಿಸುತ್ತ, “ಪೈಲಟ್… ಹಾರಿಸಿದೇನು?” ಎಂದರು. ನಗುತ್ತಿದ್ದರೋ, ನಿಜವಾಗಿ ಕೇಳಿದರೋ, ಆ ಬಾಯಿಂದ ತಿಳಿಯುವಂತಿರಲಿಲ್ಲ.

“ಇಲ್ರಿ,” ಎಂದೆ. ಅಷ್ಟೇ. ಮುಂದಿನ ವಾರ ತೀರಿಹೋದರು. ನನಗೆ ಅಳು ಬರಲಿಲ್ಲ, ಇಂದಿಗೂ ಬರುವುದಿಲ್ಲ.

ಈಗ ನಾನು ಧಾರವಾಡದಲ್ಲಿ ಪಾಠ ಹೇಳುತ್ತೇನೆ, ಒಬ್ಬಳೇ ಇರುತ್ತೇನೆ. ಹೋದ ಭಾನುವಾರ ಅಂಥದೇ ಸಣ್ಣ ಹೆಲಿಕಾಪ್ಟರನ್ನು ತಂದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದೆ. ಅದು ಮೇಜಿನೆತ್ತರಕ್ಕೆ ಎದ್ದು ಅಲ್ಲೇ ನಿಂತಿತು. ನಡುಗಲಿಲ್ಲ. ನಾನು ಹೇಳಿದ್ದೇ ಸರಿಯಾಗಿತ್ತು.

ಇವತ್ತು ಬೆಳಿಗ್ಗೆ ಕಸದ ಗಾಡಿ ಬಂದಾಗ ಹಳೆಯ ರಿಮೋಟನ್ನು ಸುಣ್ಣದ ಸಮೇತ ಕೊಟ್ಟೆ. ಸಾಬೂನು ಹಚ್ಚಿ ಕೈ ತೊಳೆದೆ, ಮತ್ತೊಮ್ಮೆ ತೊಳೆದೆ. ಹೊಸದನ್ನು ಮೇಜಿನ ಮೇಲಿಟ್ಟಾಗ, ಇಷ್ಟು ವರ್ಷ ಒಬ್ಬರೇ ಒಬ್ಬರಿಗಾಗಿ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು. “ನೋಡ್ರಿ ಕಾಕಾ, ಸಣ್ಣದ ಸಾಕಾಗಿತ್ತು.”

ಕೇಳಬೇಕಾದವರು ಇರಲಿಲ್ಲ. ಉಳಿದ ಯಾರಿಗೆ ಹೇಳಿದರೂ ಅದು ಬರೀ ಒಂದು ಆಟಿಕೆಯ ಸುದ್ದಿ…